ಮೊಸಳೆ ಮೇಡಂ ಮತ್ತು ಔಷಧಿ ಹೊಡೆದ ಕೊಳ

ಮಕ್ಕಳು ಅವರನ್ನು ಮೊಸಳೆ ಮೇಡಂ ಎಂದು ಕರೆಯುತ್ತಿದ್ದರು. ಪ್ರಯೋಗಾಲಯದ ಹಿಂದಿನ ಸಣ್ಣ ಕೊಳದ ಕಟ್ಟೆಯ ಮೇಲೆ ಕದಲದೆ ಕೂತಿರುತ್ತಿದ್ದರು. ಯಾರಾದರೂ ನೀರಿಗೆ ಕಲ್ಲೆಸೆದರೆ ಮಾತ್ರ ಬಾಯಿ ತೆರೆಯುತ್ತಿದ್ದರು. ಆಮೇಲೆ ಎಸೆದವರ ಗತಿ ದೇವರಿಗೇ ಪ್ರೀತಿ.

ಶಾಲೆ ಅವರ ಭಾವನದು, ಅಂದರೆ ತೀರಿಹೋದ ಗಂಡನ ಅಣ್ಣನದು. ಗಂಡ ಹೋದ ಮೇಲೆ ಭಾವ ಅವರಿಗೆ ವಿಜ್ಞಾನ ಕಲಿಸುವ ಕೆಲಸವನ್ನೂ ತಮ್ಮ ಮನೆಯ ಮಹಡಿಯಲ್ಲೊಂದು ಕೋಣೆಯನ್ನೂ ಕೊಟ್ಟಿದ್ದರು. ಕೊಟ್ಟಿದ್ದನ್ನು ಒಂದು ದಿನವೂ ಮರೆಯಲು ಬಿಟ್ಟಿರಲಿಲ್ಲ. ಶಾಲೆಯಲ್ಲಿ ಅವರು ‘ಸರ್’, ಮನೆಯಲ್ಲಿ ‘ಭಾವ’. ಎರಡೂ ಕಡೆ ದನಿ ಒಂದೇ.

ಪರಿಸರ ವ್ಯವಸ್ಥೆಯ ಪಾಠ ಬಂದಾಗ ಮೇಡಂ ಪುಸ್ತಕ ಮುಚ್ಚಿಸಿ ಒಂಬತ್ತನೆಯ ತರಗತಿಯನ್ನು ಕೊಳದ ಸುತ್ತ ಕೂರಿಸುತ್ತಿದ್ದರು.

“ಇಲ್ಲಿ ಯಾರೂ ಯಾರಿಗೂ ಉಪಕಾರ ಮಾಡೋಕೆ ಕೂತಿಲ್ಲ. ಪಾಚಿ ಬಿಸಿಲು ಹಿಡಿದು ತನ್ನ ಊಟ ತಾನೇ ಮಾಡ್ಕೊಳ್ಳುತ್ತೆ. ಪಾಚೀನ ಸೊಳ್ಳೆ ಮರಿ ತಿನ್ನುತ್ತೆ, ಸೊಳ್ಳೆ ಮರೀನ ಏರೋಪ್ಲೇನ್ ಚಿಟ್ಟೆಯ ಮರಿ ತಿನ್ನುತ್ತೆ, ಆ ಚಿಟ್ಟೇನ ಕಪ್ಪೆ ನುಂಗುತ್ತೆ. ಸತ್ತಿದ್ದನ್ನ ತಳದ ಕೆಸರಲ್ಲಿರೋ ಸೂಕ್ಷ್ಮಜೀವಿಗಳು ಕೊಳೆಸಿ ಮತ್ತೆ ಪಾಚಿಗೆ ಗೊಬ್ಬರ ಮಾಡ್ತವೆ. ಮೇಲೆ ತೇಲೋ ಎಲೆಗೂ ಕೆಳಗಿರೋ ಪಾಚಿಗೂ ಬಿಸಿಲಿಗೋಸ್ಕರ ಜಗಳ, ಅದು ಸ್ಪರ್ಧೆ. ಜಿಗಣೆ ಕೊಲ್ಲದೆ ರಕ್ತ ಹೀರುತ್ತೆ, ಅದು ಪರಾವಲಂಬನೆ.”

“ಯಾರಿಗೂ ಯಾರ ಮೇಲೂ ಪ್ರೀತಿನೇ ಇಲ್ವಾ ಮೇಡಂ?” ಎಂದು ಒಬ್ಬಳು ಕೇಳಿದಳು.

“ಇಬ್ಬರಿಗೂ ಲಾಭ ಇದ್ರೆ ಜೊತೆಗಿರ್ತವೆ, ಹೂವು ದುಂಬಿ ಥರ. ಸಹಜೀವನ ಅಂತ ಬರ್ಕೋ. ಪ್ರೀತಿ ಪರೀಕ್ಷೆಗೆ ಬರಲ್ಲ.”

ಪ್ರತಿ ಸೋಮವಾರ ಮಕ್ಕಳು ಒಂದು ಮಗ್ ನೀರು ಮೊಗೆದು, ಅದರಲ್ಲಿ ಯಾವ ಮರಿ ಎಷ್ಟಿವೆ ಎಂದು ಎಣಿಸಿ, ತಾರೀಕು ಹಾಕಿ ಗೋಡೆಯ ಪಟ್ಟಿಯಲ್ಲಿ ಬರೆಯಬೇಕಿತ್ತು.

ಒಂದು ಸೋಮವಾರ, ಪ್ರೀತಿಯ ಬಗ್ಗೆ ಕೇಳಿದ್ದ ಹುಡುಗಿಯ ಕಾಲಿಗೆ ಜಿಗಣೆ ಹತ್ತಿತು. ಅವಳ ಅಪ್ಪ ಬಂದು ಆಫೀಸಿನಲ್ಲಿ ಕೂಗಾಡಿದ. ಮರುದಿನವೇ ಭಾವ ಕರೆಸಿದ ಔಷಧಿ ಸಿಂಪಡಿಸುವವನು ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಬಂದ. ಮೇಡಂ ಅವನಿಗೂ ಕೊಳಕ್ಕೂ ನಡುವೆ ನಿಂತರು.

“ಪಕ್ಕಕ್ಕೆ ಸರಿ,” ಎಂದರು ಭಾವ, ಕೆಲಸದವರೆಲ್ಲರ ಎದುರಿಗೆ.

“ಇದನ್ನ ಹೊಡೆದ್ರೆ ಸೊಳ್ಳೆ ತಿನ್ನೋವೆಲ್ಲ ಸಾಯ್ತವೆ ಸರ್. ಸೊಳ್ಳೆ ಮಾತ್ರ ವಾರದಲ್ಲಿ ಬಂದು ಮೊಟ್ಟೆ ಇಡುತ್ತೆ.”

“ನನಗೇ ಪಾಠ ಮಾಡ್ತೀಯಾ? ನನ್ನ ಅನ್ನ ತಿಂದ್ಕೊಂಡು?”

ಮೇಡಂ ಸರಿದರು. ಮರುದಿನ ಬೆಳಿಗ್ಗೆ ಕಪ್ಪೆಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವರು ಅವನ್ನೆಲ್ಲ ಬಕೆಟ್ಟಿಗೆ ಬಾಚಿ, ಆಫೀಸಿಗೆ ಒಯ್ದು, ಭಾವನ ಮೇಜಿನ ಮೇಲೆ ಕುಕ್ಕಿದರು. ನೀರು ಹಾಜರಿ ಪುಸ್ತಕದ ಮೇಲೆ ಚೆಲ್ಲಿತು. “ಇವು ನಿಮ್ಮ ಅನ್ನ ತಿಂದು ಬದುಕಿದ್ದವಲ್ಲ. ಏರೋಪ್ಲೇನ್ ಚಿಟ್ಟೆಯ ಮರಿ ಇನ್ನೊಂದು ಬಕೆಟ್ ಇದೆ, ತರ್ಲಾ?” ಎಂದು ಹೊರಟರು.

ಅಲ್ಲಿಂದ ಮೂರನೆಯ ವಾರಕ್ಕೆ ಮಗ್‌ನಲ್ಲಿ ಸೊಳ್ಳೆ ಮರಿ ಬಿಟ್ಟು ಬೇರೇನೂ ಇರಲಿಲ್ಲ. ಐದನೆಯ ವಾರಕ್ಕೆ ಹದಿನಾಲ್ಕು ಮಕ್ಕಳು ಜ್ವರದಿಂದ ಮಲಗಿದರು. ತಂದೆತಾಯಿಯರ ಸಭೆ ಕರೆದಾಗ ಭಾವ ಎದ್ದು ನಿಂತು, ಮಕ್ಕಳನ್ನು ಕೊಳದ ಹತ್ತಿರ ಕೂರಿಸುತ್ತಿದ್ದ ಮೇಡಮ್ಮಿನದೇ ತಪ್ಪು ಎಂದರು. ಸಭೆ ಮೇಡಂ ಮೇಲೆ ಹರಿಹಾಯ್ದಿತು. “ಮೊಸಳೇನ ಮೊದಲು ಓಡಿಸಿ,” ಎಂದು ಯಾರೋ ಹಿಂದಿನಿಂದ ಹೇಳಿದರು, ಕೆಲವರು ನಕ್ಕರು.

ಜ್ವರ ಬಂದಿದ್ದ ಹುಡುಗಿಯೊಬ್ಬಳ ತಾಯಿ ನರ್ಸ್. ಆಕೆಗೂ ಮೇಡಂ ಕಂಡರೆ ಆಗುತ್ತಿರಲಿಲ್ಲ. “ಔಷಧಿ ಹೊಡೆದಿದ್ದು ಯಾವತ್ತು?” ಎಂದು ಕೇಳಿದಳು. ಮೇಡಂ ಔಷಧಿ ಹೊಡೆದ ದಿನವನ್ನೂ ಗುರುತಿಸಿದ್ದ ಪಟ್ಟಿಯನ್ನು ಗೋಡೆಯಿಂದ ಬಿಚ್ಚಿ ತಂದು ಆಕೆಯ ಕೈಗಿತ್ತರು. ಆಕೆ ಮಕ್ಕಳೇ ಬರೆದ ತಾರೀಕುಗಳನ್ನು ಒಂದೊಂದಾಗಿ ಓದಿದಳು. ಔಷಧಿಗೆ ಮೊದಲು ಒಂದು ಮಗ್‌ನಲ್ಲಿ ಆರೇಳು ಸೊಳ್ಳೆ ಮರಿ, ಆಮೇಲೆ ಇನ್ನೂರರ ಮೇಲೆ. ಆಗ ಸಭೆ ಭಾವನ ಕಡೆ ತಿರುಗಿತು.

ಅಂದು ಸಂಜೆ ಓರಗಿತ್ತಿ ಮಹಡಿಗೆ ಬಂದು ಬಾಗಿಲಲ್ಲೇ ನಿಂತಳು.

“ಮನೆ ಮರ್ಯಾದೆ ಬೀದಿಗೆ ತಂದೆ. ನಾಳೆ ಕೋಣೆ ಖಾಲಿ ಮಾಡು.”

“ಇವತ್ತೇ ಮಾಡ್ತೀನಿ ಅಕ್ಕ,” ಎಂದರು ಮೇಡಂ. ಎರಡು ಪೆಟ್ಟಿಗೆ, ಒಂದು ಸೂಕ್ಷ್ಮದರ್ಶಕ, ಅಷ್ಟೇ ಇದ್ದಿದ್ದು. ಅಷ್ಟು ವರ್ಷ ಉಂಡ ಮನೆಯ ಮೆಟ್ಟಿಲನ್ನು ದಡದಡನೆ ಇಳಿದರಂತೆ. ಸಿಟ್ಟಿನಿಂದ ಎಂದು ಆಮೇಲೆ ಹೇಳುತ್ತಿದ್ದರು.

ತಂದೆತಾಯಿಯರ ಕಣ್ಣಿದ್ದುದರಿಂದ ಭಾವನಿಗೆ ಮೇಡಂ ಅವರನ್ನು ಕೆಲಸದಿಂದ ತೆಗೆಯಲಾಗಲಿಲ್ಲ. ನಾಲ್ಕು ವರ್ಷ ಇಬ್ಬರೂ ಒಂದೇ ವರಾಂಡದಲ್ಲಿ ಎದುರುಬದುರು ನಡೆದರು, ಮಾತಾಡಲಿಲ್ಲ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ಜವಾನನ ಕೈಲಿ ಕಳಿಸುತ್ತಿದ್ದರು. ಕೊಳಕ್ಕೆ ಏರೋಪ್ಲೇನ್ ಚಿಟ್ಟೆ ಎಂಟು ತಿಂಗಳಿಗೆ ಮರಳಿತು, ಕಪ್ಪೆ ಮರುವರ್ಷದ ಮಳೆಗೆ. ತಿನ್ನಿಸಿಕೊಳ್ಳುವುದು ಬೇಗ ಬಂದು ತಿನ್ನುವುದು ತಡವಾಗಿ ಏಕೆ ಬರುತ್ತದೆ ಎಂಬ ಪ್ರಶ್ನೆಯನ್ನು ಮೇಡಂ ಪ್ರತಿ ವರ್ಷ ಪರೀಕ್ಷೆಗೆ ಕೊಟ್ಟರು.

ಅವರ ನಿವೃತ್ತಿಯ ದಿನ ಭಾವ ವೇದಿಕೆ ಹತ್ತಿದರು. ಕೊಳವನ್ನು ಉಳಿಸಿ ಬೆಳೆಸಿದ್ದು ತಮ್ಮ ದೂರದೃಷ್ಟಿ ಎಂದರು, ಮೇಡಮ್ಮಿನ ಹೆಸರೆತ್ತಲಿಲ್ಲ. ನರ್ಸ್ ಎದ್ದು ಏನೋ ಹೇಳಲು ಹೋದಾಗ ಮೇಡಂ ಅವಳ ಸೆರಗು ಹಿಡಿದು ಕೂರಿಸಿದರು.

“ಬಿಡಮ್ಮ. ಮೈಕಲ್ಲಿ ಹೇಳಿದ್ದಾರೆ. ಇನ್ನು ಔಷಧಿ ಹೊಡೆಸೋಕೆ ಅವರಿಗೇ ನಾಚಿಕೆ ಆಗುತ್ತೆ.”

ಹಾರ ಹಾಕಲು ಭಾವ ಕೆಳಗಿಳಿದು ಬಂದರು. ಮೇಡಂ ಕೈ ಮುಂದೆ ಮಾಡಿ ಅದನ್ನು ಕೈಯಲ್ಲೇ ತೆಗೆದುಕೊಂಡರು, ಕುತ್ತಿಗೆ ಬಗ್ಗಿಸಲಿಲ್ಲ.