ಒಂದೇಟು ಮೇಸ್ತ್ರಿ

ಗೋಡೆಗೆ ಬೆರಳ ಗಂಟಿನಿಂದ ಒಂದೇ ಒಂದು ಸಲ ತಟ್ಟಿದರೆ ಸಾಕು, ಅದು ತನ್ನ ಹುಟ್ಟು, ವಯಸ್ಸು, ಒಳಗಿನ ಕಾಯಿಲೆ ಎಲ್ಲವನ್ನೂ ಒಪ್ಪಿಸಿಬಿಡುತ್ತದೆ ಎಂದು ಮೇಸ್ತ್ರಿ ಹೇಳುತ್ತಿದ್ದ. ಎರಡನೆಯ ಸಲ ತಟ್ಟುವವನು ಮೇಸ್ತ್ರಿಯಲ್ಲ, ಬಾಗಿಲು ತೆಗೆಯಿರಿ ಎಂದು ಬಂದ ನೆಂಟ. ಮೂವತ್ತೈದು ವರ್ಷಗಳಿಂದ ಈ ಮಾತನ್ನು ಎಷ್ಟು ಸಲ ಹೇಳಿದ್ದನೆಂದರೆ, ಊರಿನ ಗೋಡೆಗಳಿಗೇ ಅದು ಬಾಯಿಪಾಠವಾಗಿತ್ತು. ತಟ್ಟಿ ತಟ್ಟಿ ಅವನ ನಡುಬೆರಳ ಗಂಟು ನಿಂಬೆಹಣ್ಣಿನಷ್ಟಾಗಿತ್ತು. ಬೇರೆಯವರು ಪದಕ ತೋರಿಸುವ ಹಾಗೆ ಅವನು ಅದನ್ನು ತೋರಿಸುತ್ತಿದ್ದ. ಜನ ಅವನನ್ನು ಒಂದೇಟು ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ಲಾರಿ ಡ್ರೈವರನ ಮನೆಯ ಕೆಲಸ ಹಿಡಿದದ್ದು ಇಂಥವನು. ಡ್ರೈವರನ ತಾತ ಕಟ್ಟಿಸಿದ ಮನೆ ಅದು. ಕೆಳಗೆ ಎರಡು ಕೋಣೆ, ಮೇಲೆ ಮರದ ತೊಲೆಗಳ ಮೇಲೆ ನಿಂತ ಒಂದು ಕೋಣೆ. ಮೊದಲೇ ಇಬ್ಬರು ಮಕ್ಕಳಿದ್ದರು. ಮೂರನೆಯದು ಬರಲಿ ಎಂದು ಕಾದರೆ ನಾಲ್ಕನೆಯದನ್ನೂ ಜೊತೆಗೇ ಕರೆದುಕೊಂಡು ಬಂತು. ಅವಳಿ ಬಂದ ಮೇಲೆ ಆ ಮನೆಯಲ್ಲಿ ಒಬ್ಬರು ಮಗ್ಗುಲು ಬದಲಿಸಬೇಕಾದರೆ ಉಳಿದವರೆಲ್ಲ ಎದ್ದು ಕೂರಬೇಕು, ಆಕಳಿಸುವುದಕ್ಕೂ ಸರದಿ. ಹಿತ್ತಿಲಲ್ಲಿ ಹೊಸ ಕೋಣೆ ಎಬ್ಬಿಸುವುದು, ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ಒಡೆದು ದೊಡ್ಡ ಹಾಲ್ ಮಾಡುವುದು ಎಂದು ತೀರ್ಮಾನವಾಯಿತು. ಹೊಸ ಕೋಣೆ ಎದ್ದಿತು. ಇನ್ನು ನಡುಗೋಡೆ.

ಆ ಬೆಳಿಗ್ಗೆ ಮೇಲಿನ ಕೋಣೆಯಲ್ಲಿದ್ದ ಬಾಣಂತಿ, ಕೂಸುಗಳನ್ನು ಬಿಟ್ಟು ಮನೆಮಂದಿಯೆಲ್ಲ ನೋಡುತ್ತಿರುವಂತೆ ಮೇಸ್ತ್ರಿ ತೋಳು ಮಡಿಚಿ ಗೋಡೆಯ ಎದುರು ನಿಂತ. ಡ್ರೈವರನ ತಾಯಿ, ಆ ಮನೆಯ ಅಜ್ಜಿ, ಬಾಯಿ ತೆರೆದರು. "ಮೇಸ್ತ್ರೀ, ಅಲ್ಲಿ ಮೊದ್ಲು..."

"ಅಮ್ಮಾ, ಗೋಡೆ ಮಾತಾಡ್ವಾಗ ಮನುಷ್ಯರು ಸುಮ್ನಿರಬೇಕು."

ಅಜ್ಜಿ ತುಟಿ ಬಿಗಿದರು. ಮೇಸ್ತ್ರಿ ತಟ್ಟಿದ. ಡಬ್ ಎಂದಿತು.

"ಕೇಳಿದ್ರಾ? ಪೊಳ್ಳು! ಇದು ಭಾರ ಹೊತ್ತಿರೋ ಗೋಡೆಯಲ್ಲ, ಬರೀ ಪರದೆ. ಮೇಲೆ ಬಾಣಂತಿ ಹಾಯಾಗಿ ಮಲಗಿರಲಿ. ಕೂಸುಗಳ ರೆಪ್ಪೆ ಮೇಲೆ ಧೂಳೂ ಕೂರಲ್ಲ."

ಅವನ ಜೊತೆ ಕೆಲಸ ಮಾಡುತ್ತಿದ್ದವನು ಹೆಂಡತಿಯ ತಮ್ಮ. ಅವನು ತಲೆ ಕೆರೆದುಕೊಂಡ. "ಭಾವ, ಯಾವುದಕ್ಕೂ ಎರಡು ಆಸರೆ ಕಂಬ ಕೊಟ್ಟು ಒಡೆಯೋಣ."

"ಪರದೆ ಬಿಚ್ಚೋಕೆ ಯಾರಾದ್ರೂ ಮನೆಗೆ ಆಸರೆ ಕೊಡ್ತಾರೇನೋ? ನಿಮ್ಮ ವಂಶಕ್ಕೇ ಪುಕ್ಕಲು ಜಾಸ್ತಿ."

"ನಮ್ಮಕ್ಕ ಕೆಮ್ಮಿದ್ರೆ ಎದ್ದು ನಿಲ್ಲೋದು ಯಾರು ಅಂತ ಊರಿಗೇ ಗೊತ್ತು ಭಾವ."

ಒಡೆಯತೊಡಗಿದರು. ಹತ್ತು ಏಟಿಗೆ ತೆಳು ಇಟ್ಟಿಗೆಯ ಹೊದಿಕೆ ಕುಸಿಯಿತು. ಒಳಗೆ ಮರದ ಹಲಗೆಗಳಿದ್ದ ಒಂದು ಹಳೆಯ ಗೋಡೆ ಬೀರು. ಭಾವಮೈದ ಸುತ್ತಿಗೆ ಇಳಿಸಿ ಭಾವನ ಮುಖ ನೋಡಿದ. ಮೇಸ್ತ್ರಿಯ ಎದೆಯಲ್ಲಿ ಏನೋ ಚುಳ್ಳೆಂದಿತು. ಆದರೆ ಅಷ್ಟು ಜನರೆದುರು ಮಾತು ಆಡಿಯಾಗಿತ್ತು. ಆಡಿದ ಮಾತನ್ನು ನುಂಗಲು ಅವನ ಗಂಟಲು ಚಿಕ್ಕದು.

"ಹಳೇ ಕಾಲದವರು, ಗೋಡೆ ಒಳಗೆಲ್ಲ ಗಂಟು ಬಚ್ಚಿಡೋರು. ಹೊಡಿ, ಹೊಡಿ."

ಬೀರಿನ ಪಕ್ಕದ ಇಟ್ಟಿಗೆಗಳು ಅಷ್ಟು ಸುಲಭವಾಗಿ ಬರಲಿಲ್ಲ. ಹೊಡೆದರು. ನಾಲ್ಕಡಿ ಅಗಲ ಗೋಡೆ ಮೇಲಿನವರೆಗೂ ಬಿಚ್ಚಿಕೊಂಡಿತು. ಆಗ ಎಲ್ಲೋ ಟಕ್ ಎಂದಿತು. ಮುದುಕರು ಮಂಡಿ ಮಡಿಚಿದಾಗ ಬರುತ್ತದಲ್ಲ, ಅಷ್ಟೇ ಸದ್ದು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಸೊಸೆಯ ದನಿ ಬಂತು. "ಅತ್ತೆ, ಹೊರಗಿಂದ ಚಿಲಕ ಹಾಕಿದ್ದೀರಾ? ಬಾಗಿಲು ಬರ್ತಿಲ್ಲ."

ಡ್ರೈವರ್ ಮೆಟ್ಟಿಲೇರಿ ನೋಡಿದ. ಚಿಲಕ ಹಾಕಿರಲಿಲ್ಲ. ನೂಕಿದ. ಬಾಗಿಲು ಅಲ್ಲಾಡಲಿಲ್ಲ. "ಬೆಳಿಗ್ಗೆ ಬೆಣ್ಣೆ ಹಾಗೆ ತೆಗೀತಿತ್ತಲ್ಲ!" ಎಂದು ಹೆಗಲು ಕೊಡಲು ಹಿಂದೆ ಸರಿದ.

"ಮುಟ್ಟಬೇಡಿ!" ಮೇಸ್ತ್ರಿ ಕೆಳಗಿನಿಂದ ಚೀರಿದ.

ಅವನಿಗೆ ಅರ್ಥವಾಗಿತ್ತು. ಬಾಗಿಲು ಊದಿಕೊಂಡಿರಲಿಲ್ಲ, ನಡುತೊಲೆ ಕುಸಿದು ಮೇಲಿನ ಕೋಣೆಯ ಚೌಕಟ್ಟು ಬಾಗಿಲನ್ನು ಕಚ್ಚಿ ಹಿಡಿದಿತ್ತು. ತಲೆಯೆತ್ತಿದ. ತೊಲೆಯ ತುದಿಯ ಸಂದಿಯಿಂದ ಮಣ್ಣು ಸಣ್ಣಗೆ ಸಕ್ಕರೆಯ ಹಾಗೆ ಸುರಿಯುತ್ತಿತ್ತು. ಅದರ ಮೇಲೆ ಒಬ್ಬಳು ತಾಯಿ, ಎರಡು ಕೂಸು.

"ತಂಗೀ," ಎಂದು ಕೂಗಿದ. "ಮಕ್ಕಳನ್ನ ಎತ್ಕೊಂಡು ಕಿಟಕಿ ಕಡೆ ಗೋಡೆಗೆ ಒರಗಿ ಕೂತ್ಕೋ. ನಡುವೆ ಓಡಾಡಬೇಡ."

"ಏನಾಯ್ತು ಮೇಸ್ತ್ರೀ?"

ಒಂದಕ್ಕೆ ಹತ್ತು ಸೇರಿಸದೆ ಅವನು ಮಾತಾಡಿದ್ದೇ ಇಲ್ಲ. ಈಗ ಬಾಯಿಗೆ ಬಂದದ್ದು ಒಂದೇ. "ನನ್ನಿಂದ ತಪ್ಪಾಯ್ತು."

ಮೇಲೆ ಒಂದು ಕೂಸು ಅಳತೊಡಗಿತು.

"ನಿಮ್ಮ ಲಾರಿ ಜಾಕಿ ತನ್ನಿ," ಎಂದ ಡ್ರೈವರನಿಗೆ. ಅವನು ಬೀದಿಗೆ ಓಡಿದ. ಹೊಸ ಕೋಣೆಯ ತಾರಸಿಗೆ ಆಸರೆ ಕೊಟ್ಟಿದ್ದ ದಪ್ಪ ಮರದ ಕಂಬ ಹಿತ್ತಿಲಲ್ಲೇ ಬಿದ್ದಿತ್ತು. ಮೇಸ್ತ್ರಿ ಅದನ್ನೆಳೆದು ತೊಲೆಯ ಕೆಳಗೆ ನುಗ್ಗಿದ. ಪಕ್ಕದಲ್ಲಿ ಭಾವಮೈದ ಬಂದು ನಿಂತ.

"ನೀನು ಹೊರಗಿರೋ."

"ಸುಮ್ನಿರು ಭಾವ. ಆಮೇಲೆ ಅಕ್ಕಂಗೆ ಉತ್ತರ ಕೊಡಬೇಕಾದೋನು ನಾನು."

ನೆಲಕ್ಕೆ ಹಲಗೆ, ಹಲಗೆಯ ಮೇಲೆ ಜಾಕಿ, ಜಾಕಿಯ ಮೇಲೆ ಕಂಬ. ಕಂಬವನ್ನು ಇಬ್ಬರೂ ತಬ್ಬಿ ನೆಟ್ಟಗೆ ಹಿಡಿದರು. ಡ್ರೈವರ್ ಹಿಡಿಯನ್ನು ಒತ್ತಿದ.

"ಮೆಲ್ಲಗೆ. ಒಂದು ನೂಲು."

ನೂಲೆಂದರೆ ಅಂಗುಲದ ಎಂಟನೇ ಒಂದು ಪಾಲು; ಆ ಹೊತ್ತು ಅದನ್ನು ದಾಟಲು ಏಳು ದಿನ ನಡೆಯಬೇಕಾಗಿತ್ತು. ತೊಲೆ ನರಳಿತು. ಮುಷ್ಟಿಗಾತ್ರದ ಗಾರೆ ಮೇಸ್ತ್ರಿಯ ಹೆಗಲ ಮೇಲೆ ಬಿತ್ತು. ಅವನು ಕಂಬ ಬಿಡಲಿಲ್ಲ.

"ಇನ್ನೊಂದು ನೂಲು."

ಮಣ್ಣು ಸುರಿಯುವುದು ನಿಂತಿತು.

"ಅಮ್ಮಾ, ಈಗ ಬಾಗಿಲು ನೋಡಿ. ನೂಕಬೇಡಿ, ಬೆರಳಲ್ಲಿ ಮುಟ್ಟಿ ಅಷ್ಟೇ."

ಮೆಟ್ಟಿಲ ಮೇಲಿದ್ದ ಅಜ್ಜಿ ಮುಟ್ಟಿದರು. ಬಾಗಿಲು ಕಿರ್ ಎಂದು ತೆರೆದುಕೊಂಡಿತು. ಅಳುತ್ತಿದ್ದ ಕೂಸನ್ನು ಅಜ್ಜಿ, ಇನ್ನೊಂದನ್ನು ಸೊಸೆ ಎತ್ತಿಕೊಂಡು ಗೋಡೆಯಂಚಿಗೇ ಹೆಜ್ಜೆಯಿಟ್ಟು ಇಳಿದು ಬೀದಿಗೆ ಬಂದರು. ಆ ಇನ್ನೊಂದು ಕೂಸು ಇಷ್ಟು ಹೊತ್ತೂ ನಿದ್ದೆಯಲ್ಲೇ ಇತ್ತು.

ಮತ್ತೆರಡು ಕಂಬ ಕೊಟ್ಟು ಬಿಗಿದ ಮೇಲೆ ಮೇಸ್ತ್ರಿ ಹೊರಬಂದ. ಮೈಯೆಲ್ಲ ಸುಣ್ಣ. ಅಜ್ಜಿ ಅವನಿಗೆ ನೀರು ಕೊಟ್ಟರು, ಕುಡಿದು ಮುಗಿಸುವವರೆಗೂ ಕಾದರು.

"ನೀವು ತಟ್ಟಿದ್ದು ಗೋಡೆಗಲ್ಲ ಮೇಸ್ತ್ರೀ, ನಮ್ಮತ್ತೆಯ ಬೀರಿಗೆ. ಗೆದ್ದಲು ಹಿಡೀತು ಅಂತ ಮುಚ್ಚಿಸಿದೋಳು ನಾನೇ. ಹೇಳೋಕೆ ಬಂದ್ರೆ ಬಾಯಿ ಮುಚ್ಚಿಸಿದ್ರಿ."

ಮೇಸ್ತ್ರಿ ಲೋಟ ಕೆಳಗಿಟ್ಟು ಮತ್ತೆ ಕಂಬಗಳ ಬಿಗಿ ನೋಡಲು ಒಳಗೆ ಹೋದ. ಭಾವಮೈದ ಅಂದು ಒಂದು ತಮಾಷೆಯನ್ನೂ ಮಾಡಲಿಲ್ಲ. ಅದೇ ಮೇಸ್ತ್ರಿಗೆ ಹೆಚ್ಚು ಚುಚ್ಚಿತು.

ವಾರದೊಳಗೆ ಎರಡು ಕಂಬ ಎಬ್ಬಿಸಿ, ತೊಲೆಯ ಕೆಳಗೆ ಕಬ್ಬಿಣದ ತೊಲೆ ಕೂರಿಸಿ, ಉಳಿದ ಗೋಡೆಯನ್ನು ಒಂದೊಂದೇ ಇಟ್ಟಿಗೆಯಾಗಿ, ಹಲ್ಲು ಕೀಳುವಷ್ಟು ಜೋಪಾನವಾಗಿ ತೆಗೆದರು. ಹಾಲ್ ಎಷ್ಟು ದೊಡ್ಡದಾಯಿತೆಂದರೆ, ಈ ತುದಿಯ ಜಗಳ ಆ ತುದಿ ಮುಟ್ಟುವಷ್ಟರಲ್ಲಿ ಆರಿಹೋಗುತ್ತಿತ್ತು. ಕೊನೆಗೆ ಅಡುಗೆಮನೆಗೊಂದು ಕಿಟಕಿ ಕೊರೆಯುವುದು ಉಳಿಯಿತು.

ಮೇಸ್ತ್ರಿ ಆ ಗೋಡೆಯ ಮುಂದೆ ನಿಂತ. ಮೇಲೆ ತಟ್ಟಿದ, ಕೆಳಗೆ ತಟ್ಟಿದ, ಮೂಲೆಗೆ ಕಿವಿಯಿಟ್ಟು ತಟ್ಟಿದ, ಸ್ಟೂಲು ಹತ್ತಿ ತಟ್ಟಿದ. ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಅಜ್ಜಿ ಎಣಿಸುತ್ತಿದ್ದರು.

"ಹದಿನೇಳಾಯ್ತು! ಯಾಕೆ ಮೇಸ್ತ್ರೀ, ಒಂದೇಟಿಗೆ ಗೋಡೆ ಎಲ್ಲಾ ಹೇಳಿಬಿಡುತ್ತೆ ಅಂತಿದ್ರಿ?"

ಮೇಸ್ತ್ರಿ ಸ್ಟೂಲಿನಿಂದ ಇಳಿದು ಕೈ ಒರೆಸಿಕೊಂಡ.

"ಗೋಡೆ ಮೊದಲನೇ ಏಟಿಗೇ ಹೇಳಿಬಿಡ್ತಮ್ಮಾ. ಉಳಿದ ಹದಿನಾರೂ, ನೀವು ಬಾಯಿ ಬಿಡ್ತೀರೇನೋ ಅಂತ ಕಾದಿದ್ದು."