ಅಪ್ಪ ಹಾಸಿದ ಕಂಬಳಿ

ಕೀನ್ಯಾದ ಸಫಾರಿಯಲ್ಲಿ ನಾಲ್ಕು ಸಿಂಹ ನೋಡುವಷ್ಟರಲ್ಲಿ ನನ್ನ ಮಕ್ಕಳಿಗೆ ಬೇಸರ ಬಂತು. ತಲೆಗಿಷ್ಟೆಂದು ರೊಕ್ಕ ಕಟ್ಟಿದರೆ ಅಲ್ಲಿ ದನಗಾಹಿಗಳ ಹಟ್ಟಿಯನ್ನೂ ತೋರಿಸುತ್ತಾರೆ. ರೊಕ್ಕ ಕಟ್ಟಿ ಹೋದೆವು. ಜೀಪಿನಿಂದ ಇಳಿಯುತ್ತಲೇ ಆಡಿನ ಹಿಕ್ಕೆಯ ವಾಸನೆ ಮೂಗಿಗೆ ಬಡಿದು, ನಮ್ಮ ಸೀಮೆಯ ಕುಲಗೋಡದ ಹೊಲ ಕಣ್ಣೆದುರು ಬಂತು.

ನಾನು ಹುಡುಗನಿದ್ದಾಗ, ಗೊಬ್ಬರ ಬೀಳಲೆಂದು ಆ ಹೊಲದಲ್ಲಿ ನಮ್ಮ ಕುರಿ ತರುಬಿದ್ದೆವು. ಒಂದು ಮಧ್ಯಾಹ್ನ ಹೊಲದ ಸಾಹುಕಾರ ಗೋಕಾಕದ ನೆಂಟರನ್ನೂ ಅವರ ಮಕ್ಕಳನ್ನೂ ಕಾರಿನಲ್ಲಿ ಕರೆತಂದ, ಕುರಿಮರಿ ತೋರಿಸಲು. ಅಪ್ಪ ಹೆಗಲ ಮೇಲಿನ ಕಂಬಳಿ ಕೊಡವಿ ಹಾಸಿದ.

"ಕುಂದರ್ರಿ, ಹಾಲ ಕುಡದ ಹೋಗ್ರಿ."

ನಾವು ದೇವರನ್ನೂ ಕಂಬಳಿಯ ಮೇಲೆಯೇ ಕೂರಿಸುವವರು. ಚಪ್ಪಲಿ ಮೆಟ್ಟಿದ ಕಾಲಲ್ಲಿ ಅದನ್ನು ಯಾರೂ ತುಳಿಯುವುದಿಲ್ಲ. ಆ ಮಕ್ಕಳು ಬೂಟುಗಾಲಲ್ಲೇ ಹತ್ತಿ ನಿಂತರು. ಅವರಮ್ಮ ಮೂಗಿಗೆ ಸೆರಗು ಹಿಡಿದು, "ಅದರ ಮ್ಯಾಲೇ ನಿಲ್ರಿ, ಹಿಕ್ಕಿ ತುಳದೀರಿ" ಎಂದಳು. ಅಪ್ಪ ನಕ್ಕ. ಕಾರು ಹೋದ ಮೇಲೆ ಕಂಬಳಿಯನ್ನು ಹಳ್ಳಕ್ಕೆ ಒಯ್ದು ತೊಳೆದ. ಅದು ಒಣಗುವ ತನಕ ದಂಡೆಯಲ್ಲೇ ಕೂತ, ಊಟಕ್ಕೂ ಬರಲಿಲ್ಲ.

ಕೀನ್ಯಾದ ಈ ಹಟ್ಟಿಯಲ್ಲಿ ಮುದುಕಿಯೊಬ್ಬಳು ತನ್ನ ಕೆಂಪು ಹೊದಿಕೆಯನ್ನು ನಮಗಾಗಿ ಹಾಸಿದಳು. ಫೋಟೋ ತೆಗೆಸಿಕೊಳ್ಳಲು ನನ್ನ ಮಗ ಅದರ ಮೇಲೆ ಹತ್ತಿ ನಿಂತ.

"ಬೂಟ ಬಿಚ್ಚೋ" ಎಂದೆ.

"ಯಾಕಪ್ಪಾ? ರೊಕ್ಕ ಕೊಟ್ಟೇವಲ್ಲ."

ಮುದುಕಿ ನಕ್ಕಳು.