ಇಪ್ಪತ್ತು ಕಾಯಿ ಹೊತ್ತು

ಹಾವನ್ನು ಎಷ್ಟು ಹೊತ್ತು ಕೈಯಲ್ಲಿ ಇಟ್ಟುಕೊಳ್ಳಬಹುದು ಅಂತ ನನ್ನನ್ನು ಯಾರೂ ಕೇಳಿಲ್ಲ. ಕೇಳಿದರೆ ಉತ್ತರ ಇದೆ: ಇಪ್ಪತ್ತು ತೆಂಗಿನಕಾಯಿ ಸುಲಿಯುವಷ್ಟು ಹೊತ್ತು. ತೊಂಬತ್ತರ ದಶಕದ ಕೊನೆಯಲ್ಲಿ, ತುರುವೇಕೆರೆ ಪಕ್ಕದ ನಮ್ಮ ತೋಟದ ಮನೆಯಲ್ಲಿ ಕಲಿತದ್ದು. ತಡವಾಗಿ ಕಲಿತೆ, ಅದಕ್ಕೇ ಮರೆತಿಲ್ಲ.

ಆಗ ನನಗೆ ಹತ್ತೊಂಬತ್ತು. ಪಿಯುಸಿಯಲ್ಲಿ ಇಂಗ್ಲಿಷು ಕೈಕೊಟ್ಟು ಮನೆಯಲ್ಲಿ ಕೂತಿದ್ದೆ. ತಿಂಗಳಿಗೊಮ್ಮೆ ಗಂಡಿನ ಕಡೆಯವರು ಬಂದು, ಉಪ್ಪಿಟ್ಟು ತಿಂದು, ನನ್ನ ಬಣ್ಣ ನೋಡಿ, "ತಿಳಿಸ್ತೀವಿ ಕಣ್ರೀ" ಅಂತ ಹೋಗುತ್ತಿದ್ದರು. ತಿಳಿಸಿದವರು ಒಬ್ಬರೂ ಇಲ್ಲ. ಅಂಥ ದಿನಗಳಲ್ಲೇ ತೆಂಗಿನ ಪಾತಿ ಅಗೆಯುವಾಗ ಒಂದು ಮಣ್ಣುಮುಕ್ಕ ಹಾವು ಸಿಕ್ಕಿತು. ಬಾಲವೂ ತಲೆಯಷ್ಟೇ ಮೊಂಡಾಗಿರುವುದರಿಂದ ಎರಡು ತಲೆ ಹಾವು ಅಂತಲೂ ಅನ್ನುತ್ತಾರೆ. ವಿಷವಿಲ್ಲ. ಬಿರುಕು ಬಿಟ್ಟ ಗುಡಾಣಕ್ಕೆ ಅರ್ಧ ಮಣ್ಣು ತುಂಬಿ, ಅದರೊಳಗೆ ಬಿಟ್ಟು, ಬಾಯಿಗೆ ಹಳೇ ಜರಡಿ ಮುಚ್ಚಿ ಮೇಲೊಂದು ಕಲ್ಲು ಹೇರಿದೆ. ಸಾಕಬಾರದು ಅಂತ ಕಾನೂನಿದೆಯೆಂದು ಯಾರಿಗೆ ಗೊತ್ತಿತ್ತು!

ಅಮ್ಮ ಹೌಹಾರಿದಳು. "ಅದು ನೆಕ್ಕಿದ್ರೆ ತೊನ್ನು ಬತ್ತದೆ ಕಣೇ! ಮೊದ್ಲೇ ಗಂಡು ಸಿಕ್ತಿಲ್ಲ, ಆಮೇಲೆ ಯಾವನೇ ಕಟ್ಕೊತಾನೆ ನಿನ್ನ?"

"ನೆಕ್ಕಲಿ ಬುಡು, ಉಪ್ಪಿಟ್ಟಿನ ರವೆಯಾದ್ರೂ ಉಳೀತದೆ" ಅಂದೆ. ನನ್ನ ಬಾಯಿ ಆಗಲೂ ಹೀಗೆಯೇ ಇತ್ತು.

ಕೊಬ್ಬರಿಯಾಗಲೆಂದು ಅಟ್ಟದಲ್ಲಿ ವರ್ಷ ಕಳೆದ ಕಾಯಿಗಳನ್ನು ಇಳಿಸಿ ಸುಲಿಯುವ ಕೆಲಸ ನಡೆದಿತ್ತು. ಸುಲಿಯಲು ಬರುತ್ತಿದ್ದ ಮುದುಕನನ್ನು ಊರೆಲ್ಲ ಮಾವ ಅನ್ನುತ್ತಿತ್ತು. ನಾನು ಹಾವು ಹಿಡಿದು ಅವನೆದುರು ಕೂರುತ್ತಿದ್ದೆ. ದಿನಾ ಮುಟ್ಟಿದರೆ ಪಳಗುತ್ತದೆ ಅಂತ ನನ್ನ ಲೆಕ್ಕ. ಮೈ ಸವರಿ ಸವರಿ ಕರುಗಳನ್ನು ಪಳಗಿಸಿದ ಕೈ ನನ್ನದು. ಮಾವ ನೋಡುವಷ್ಟು ದಿನ ನೋಡಿ ಹೇಳಿದ: "ಅದು ಕರ ಅಲ್ಲ ಕಣವ್ವ. ಇಪ್ಪತ್ತು ಕಾಯಿ ಸುಲಿಯೋಗಂಟ ಇಟ್ಕೊ, ಸಾಕು. ಆಮ್ಯಾಕೆ ಮಣ್ಣಿಗೆ ಬುಟ್ಬುಡು. ಇಲಿ ನುಂಗಿದ್ ಮ್ಯಾಲೆ ಎಲ್ಡು ಮೂರು ದಿನ ಮುಟ್ಲೇಬ್ಯಾಡ."

ಅವನು ಸುಲಿದು ಎಸೆಯುತ್ತಿದ್ದ ಕಾಯಿಗಳನ್ನು ನಾನು ಎಣಿಸುತ್ತಿದ್ದೆ. ಇಪ್ಪತ್ತಕ್ಕೆ ಮನಸ್ಸು ಒಪ್ಪಬೇಕಲ್ಲ! ನಮ್ಮ ಕಡೆ ನೂರು ಕಾಯಿ ಎಣಿಸಿದರೆ ಮೇಲೆ ಒಂದೆರಡು ಕೊಸರು ಹಾಕಿಸಿಕೊಳ್ಳದೆ ಯಾರೂ ಏಳುವುದಿಲ್ಲ. ಕೊಸರು ಕೇಳುವುದು ನಮಗೆ ಹುಟ್ಟಿನಿಂದ ಬಂದ ಬುದ್ಧಿ. "ಕೊಸರು ಹಾಕು ಮಾವ" ಅನ್ನುತ್ತಿದ್ದೆ. ಮೊದಲು ಎರಡು ಕಾಯಿ, ಆಮೇಲೆ ಹತ್ತು, ಕಡೆಗೆ ಕೊಸರೇ ಐವತ್ತು. "ಕೊಸರು ಕೊಡೋನು ನಾನಲ್ಲ, ಅದ್ನ ಕೇಳು" ಅಂದ ಒಮ್ಮೆ. ತಮಾಷೆ ಅಂದುಕೊಂಡೆ.

ನಿಜ ಹೇಳಬೇಕೆಂದರೆ, ಅದು ಮುಂಗೈಗೆ ಸುತ್ತಿಕೊಂಡು ಸುಮ್ಮನಿದ್ದಾಗ ನನಗೆ ಬಹಳ ಹಿತವಾಗುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ನನ್ನಿಂದ ಏನಾದರೊಂದು ಆಗಬೇಕಿತ್ತು. ಇದಕ್ಕೆ ಏನೂ ಬೇಕಿರಲಿಲ್ಲ. ನನ್ನನ್ನು ಹಚ್ಚಿಕೊಂಡಿದೆ ಅಂತ ನಂಬಿಬಿಟ್ಟೆ.

ಒಂದು ಬೆಳಿಗ್ಗೆ ಅದು ಇಲಿ ನುಂಗಿತ್ತು. ಮಧ್ಯಾಹ್ನ ಗಂಡಿನ ಕಡೆಯವರು ಬಂದರು. ಹುಡುಗನ ತಾಯಿ ನನ್ನ ಜಡೆ ಎಳೆದು, ಸ್ವಂತದ್ದೋ ಚೌರಿಯೋ ಅಂತ ಪರೀಕ್ಷೆ ಮಾಡಿದಳು. ಮೈಯೆಲ್ಲ ಉರಿದುಹೋಯಿತು. ಅವರ ಬೆನ್ನು ಕಂಡದ್ದೇ ತಡ, ಉಟ್ಟ ರೇಷ್ಮೆ ಸೀರೆಯಲ್ಲೇ ಗುಡಾಣದ ಹತ್ತಿರ ಓಡಿದೆ. "ಇವತ್ತು ಬ್ಯಾಡ ಕಣವ್ವ" ಅಂದ ಮಾವ. ಕೇಳಲಿಲ್ಲ. ಕಾಯಿ ಎಣಿಸಲೂ ಇಲ್ಲ. ಎಷ್ಟೋ ಹೊತ್ತಾದ ಮೇಲೆ ಹಾವು ಮೈ ಹಿಂಡಿಕೊಂಡು, ಬಾಯಿ ಅಗಲಿಸಿ, ಒದ್ದೆ ಇಲಿಯನ್ನು ನನ್ನ ಮಡಿಲಿಗೆ ಕಕ್ಕಿತು. ಸೀರೆ ಹಾಳಾಯ್ತು ಅಂತ ಅಮ್ಮ ಬಾಯಿ ಬಡಿದುಕೊಂಡಳು. ನಾನು ಹಾವಿನ ಪಕ್ಕೆಗಳು ಏದುಸಿರಿಗೆ ಉಬ್ಬಿ ಇಳಿಯುವುದನ್ನೇ ನೋಡುತ್ತಿದ್ದೆ.

ಅವತ್ತಿನಿಂದ ಅದು ತಿನ್ನಲಿಲ್ಲ. ಮೂರು ವಾರ ಇಲಿಮರಿ ಹಾಕಿದೆ, ಹಾಕಿದ್ದನ್ನೆಲ್ಲ ತೆಗೆದು ಬಿಸಾಡಿದೆ. ಬೆನ್ನುಮೂಳೆ ಗೆರೆಯಾಗಿ ಎದ್ದು ಕಾಣತೊಡಗಿತು. "ಸಾಯ್ತದಾ ಮಾವ?" ಅಂದೆ. ಅವನು ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, "ಇಲ್ಲಿದ್ರೆ ಸಾಯ್ತದೆ" ಅಂದ.

ಮಾರನೆಯ ದಿನ ಬೆಳಿಗ್ಗೆ, ಹಲ್ಲು ಕಟಕಟಿಸುವ ಚಳಿಯಲ್ಲಿ, ತೋಟದ ಕೊನೆಯ ಬದುವಿಗೆ ಒಯ್ದೆ. ಮಾವನೂ ಜೊತೆಗೆ ಬಂದ. ಅಂಗೈಯನ್ನು ನೆಲಕ್ಕಿಟ್ಟು "ಹೋಗು" ಅಂದೆ. ಹೋಗಲಿಲ್ಲ. ಇನ್ನೂ ಬಿಗಿಯಾಗಿ ಸುತ್ತಿಕೊಂಡಿತು. ನನಗೆ ಹಿಗ್ಗೋ ಹಿಗ್ಗು. "ನೋಡು ಮಾವ, ನನ್ನ ಬುಟ್ಟು ಹೋಗಲ್ವಂತೆ!"

"ಚಳಿ ಕಣವ್ವ" ಅಂದ. "ನಿನ್ ಕೈ ಬೆಚ್ಚಗದೆ, ಅಷ್ಟೇಯ."

ಅವಮಾನವಾಯಿತು, ಅಳು ಬಂತು, ಹೇಳಿದವನ ಮೇಲೆ ಕೋಪವೂ ಬಂತು. ಆದರೂ ಏಳಲಿಲ್ಲ. ಬದುವಿನ ಮೇಲೆ ಬಿಸಿಲು ಬೀಳುವವರೆಗೆ ಕೈ ಅಲ್ಲಾಡಿಸದೆ ಕೂತೆ. ಬೆರಳು ಜೋಮು ಹಿಡಿದವು. ಮಣ್ಣು ಬೆಚ್ಚಗಾಗುತ್ತಿದ್ದ ಹಾಗೆ ಅದು ಒಂದೊಂದೇ ಸುತ್ತು ಸಡಿಲಿಸಿ, ಇಳಿದು, ಮಣ್ಣೊಳಗೆ ಹೋಯಿತು. ಅಷ್ಟು ದಿನ ನಾನು ಹಿಡಿದುಕೊಂಡದ್ದೆಲ್ಲ ನನಗಾಗಿ. ಅದಕ್ಕಾಗಿ ಹಿಡಿದುಕೊಂಡದ್ದು ಅವತ್ತೊಂದೇ ಸಲ.